ಡಚ್ಚರ ಹಳೇ ಚಿತ್ರಗಳಲ್ಲಿ ರತ್ನಗಂಬಳಿ ಟೇಬಲ್ ಮೇಲೆ ಯಾಕಿದೆ?

ತಿಂಡಿಪೋತ
17ನೇ ಶತಮಾನದ ಡಚ್ ಚಿತ್ರಗಳನ್ನು ನೋಡುವಾಗಲೆಲ್ಲ ಒಂದು ವಿಷಯ ತಲೆ ತಿನ್ನುತ್ತದೆ. ಮನೆ ಒಳಗಿನ ಚಿತ್ರ ಅಂದರೆ ಸಾಕು, ಒಂದು ದಪ್ಪನೆಯ ರತ್ನಗಂಬಳಿ ಇದ್ದೇ ಇರುತ್ತದೆ. ಕೆಂಪು ಮೈ, ನೀಲಿ ಅಂಚು, ಹೂವು ಬಳ್ಳಿ ಎಲ್ಲ ಇರುತ್ತದೆ. ಆದರೆ ಅದನ್ನು ಹಾಸಿರುವುದು ನೆಲಕ್ಕಲ್ಲ, ಟೇಬಲ್‌ಗೆ! ನೆಲ ಬರಿದಾಗಿರುತ್ತದೆ. ವರ್ಮೀರ್‌ನದ್ದೂ ಹಾಗೆ, ಮೆಟ್ಸುದ್ದೂ ಹಾಗೆ, ರೆಂಬ್ರಾಂಟ್‌ನ ಬಟ್ಟೆ ವ್ಯಾಪಾರಿಗಳ ಸಂಘದವರ ಚಿತ್ರದಲ್ಲೂ ಹಾಗೆ. ಅದರ ಮೇಲೆ ಹಣ್ಣಿನ ಬಟ್ಟಲು, ವೈನ್ ಹೂಜಿ, ಪುಸ್ತಕ ಎಲ್ಲ ಇಟ್ಟಿರುತ್ತಾರೆ. ಯಾಕೆ ಹೀಗೆ? ನಿಜವಾಗಲೂ ಮನೆಯಲ್ಲಿ ಹೀಗೇ ಇಡುತ್ತಿದ್ದರಾ, ಇಲ್ಲಾ ಚಿತ್ರಕಾರರ ಶೋಕಿಯಾ?

ಸುಮ್ನೆ ಬಂದೆ
ಆ ಚಳಿಗೆ ಟೇಬಲ್ ಕೂಡ ನಡುಗುತ್ತಿತ್ತೇನೋ 😄

ಕಾವೇರಿ ತೀರ
ಇದರಲ್ಲಿ ಅಂಥ ಗುಟ್ಟೇನೂ ಇಲ್ಲ. ಸಿಕ್ಕಾಪಟ್ಟೆ ದುಬಾರಿ, ಅಷ್ಟೇ. ತುರ್ಕಿಯಿಂದಲೋ ಪರ್ಷಿಯಾದಿಂದಲೋ ಹಡಗು ಹತ್ತಿ ಬಂದ ಸಾಮಾನು ಅದು. ಒಂದೊಂದು ಗಂಟನ್ನೂ ಕೈಯಲ್ಲೇ ಕಟ್ಟಿದ್ದು. ಧಾರೆ ಸೀರೆ ಉಟ್ಟು ಯಾರಾದರೂ ಪಾತ್ರೆ ಉಜ್ಜುತ್ತಾರಾ? ಕೆಸರಿನ ಬೂಟು ಹಾಕಿಕೊಂಡು ಬರುವ ಊರಲ್ಲಿ ಅಂಥದ್ದನ್ನು ನೆಲಕ್ಕೆ ಹಾಸಲು ಯಾರಿಗೆ ಮನಸ್ಸು ಬರುತ್ತದೆ? ಬಂದವರ ಕಣ್ಣಿಗೆ ಬೀಳಲಿ ಅಂತ ಟೇಬಲ್ ಮೇಲೆ ಹಾಸುತ್ತಿದ್ದರು.

ಡೆಲ್ಫ್ಟ್ ಸೈಕಲ್ಲು
ನಾನು ಇಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿರುವುದು. ಈ ಅಭ್ಯಾಸ ಪೂರ್ತಿ ಹೋಗಿಲ್ಲ. ಇಲ್ಲಿನ ಹಳೇ ಕಾಲದ ಪಬ್‌ಗಳಿಗೆ 'ಕಂದು ಕೆಫೆ' ಅಂತಾರೆ, ಮರದ ಗೋಡೆಯೆಲ್ಲ ಹೊಗೆ ಹಿಡಿದು ಕಂದಾಗಿರುತ್ತದೆ. ಅಂಥ ಕಡೆ ಈಗಲೂ ಟೇಬಲ್ ಮೇಲೆ ಪುಟ್ಟ ಪರ್ಷಿಯನ್ ಡಿಸೈನಿನ ಕಂಬಳಿ ಇರುತ್ತದೆ. ಮೆಷಿನ್‌ನಲ್ಲಿ ನೇಯ್ದದ್ದು, ಅಂಚಿಗೆ ಕುಚ್ಚು. ಅದರ ಮೇಲೇ ಬಿಯರ್ ಗ್ಲಾಸು ಇಡುತ್ತಾರೆ, ಮೊಣಕೈ ಊರಿಕೊಂಡು ಇಸ್ಪೀಟು ಆಡುತ್ತಾರೆ. ಮುಟ್ಟಿದರೆ ಒಂಥರಾ ಅಂಟು ಅಂಟು. ಬಿಯರ್ ವಾಸನೆ ಬೇರೆ. ಆದರೂ ತೆಗೆಯುವುದಿಲ್ಲ.

ಚೌಕಟ್ಟು
ಕಾವೇರಿ ತೀರ ಹೇಳಿದ್ದು ಸರಿ. ಆದರೆ ಇದು ಡಚ್ಚರು ಶುರು ಮಾಡಿದ್ದಲ್ಲ. ನೂರು ನೂರೈವತ್ತು ವರ್ಷ ಹಿಂದಕ್ಕೆ ಹೋಗಿ.

ಹೋಲ್ಬೈನ್‌ನ 'ರಾಯಭಾರಿಗಳು' ಚಿತ್ರ ನೋಡಿದ್ದೀರಲ್ಲ? 1533ರದ್ದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎಲ್ಲರೂ ಕೆಳಗಿನ ಆ ಸೊಟ್ಟ ತಲೆಬುರುಡೆಯನ್ನೇ ನೋಡಿಕೊಂಡು ಬರುತ್ತಾರೆ. ಮುಂದಿನ ಸಲ ಇಬ್ಬರ ನಡುವಿನ ಕಪಾಟನ್ನು ನೋಡಿ. ಅದರ ಮೇಲಿನ ಹಲಗೆಗೆ ಟರ್ಕಿಯ ರತ್ನಗಂಬಳಿ ಹಾಸಿದ್ದಾರೆ. ಅದರ ಮೇಲೆ ಖಗೋಳದ ಗೋಳ, ನೆರಳು ಗಡಿಯಾರ, ಇನ್ನೂ ಏನೇನೋ ಉಪಕರಣ. ಕಾಲಡಿ ಇರುವುದು ಕಲ್ಲಿನ ನೆಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಬಣ್ಣಬಣ್ಣದ ಕಲ್ಲಿನ ನೆಲವನ್ನು ನೋಡಿಕೊಂಡು ಬರೆದದ್ದು ಅದು. ಅಂದರೆ ಅಂಥ ದೊಡ್ಡ ಮನುಷ್ಯರೂ ಕಲ್ಲಿನ ಮೇಲೇ ನಿಂತಿದ್ದಾರೆ, ರತ್ನಗಂಬಳಿ ಸೊಂಟದ ಮಟ್ಟದಲ್ಲಿದೆ.

ಅದೇ ಹೋಲ್ಬೈನ್ 1532ರಲ್ಲಿ ಗೇಯೋರ್ಗ್ ಗೀಸೆ ಅನ್ನುವ ಜರ್ಮನ್ ವ್ಯಾಪಾರಿಯ ಚಿತ್ರ ಬರೆದ. ಅಲ್ಲೂ ಟೇಬಲ್ ಮೇಲೆ ರತ್ನಗಂಬಳಿ, ಅದರ ಮೇಲೆ ಗಾಜಿನ ಹೂದಾನಿ.

ಹಾಗಾದರೆ ನೆಲಕ್ಕೆ ಯಾರಿಗೆ ಹಾಸುತ್ತಿದ್ದರು? ಚಿತ್ರದಲ್ಲಿ ನೋಡಿದರೆ ಹೆಚ್ಚಾಗಿ ಮೇರಿ ಮಾತೆಯ ಪಾದದ ಕೆಳಗೆ. ವಾನ್ ಐಕ್, ಮೆಮ್ಲಿಂಗ್ ಚಿತ್ರಗಳಲ್ಲಿ ಸಿಂಹಾಸನದ ಮುಂದೆ ಮೆಟ್ಟಿಲ ಮೇಲೆ ಇಳಿಬಿಟ್ಟಿರುತ್ತಾರೆ. ಇನ್ನು ರಾಜರಿಗೆ. ಎಂಟನೇ ಹೆನ್ರಿ ಕಾಲು ಅಗಲಿಸಿ ನಿಂತ ಚಿತ್ರ ಇದೆಯಲ್ಲ, ಅವನು ನಿಂತಿರುವುದು ಟರ್ಕಿಯ ಉಷಾಕ್ ಊರಿನ ರತ್ನಗಂಬಳಿ ಮೇಲೆ. ಮೂಲ ಗೋಡೆಚಿತ್ರ 1698ರಲ್ಲಿ ವೈಟ್‌ಹಾಲ್ ಅರಮನೆಗೆ ಬೆಂಕಿ ಬಿದ್ದಾಗ ಹೋಯಿತು, ಈಗ ನಾವು ನೋಡುವುದೆಲ್ಲ ನಕಲುಗಳು. 'ನಾನು ಇದನ್ನು ತುಳಿಯಬಲ್ಲೆ' ಅಂತ ಹೆನ್ರಿ ತೋರಿಸುತ್ತಿದ್ದಾನೆ, ಬೇರೇನೂ ಇಲ್ಲ.

ತರಲೆ ತಿಮ್ಮ
ಚೌಕಟ್ಟು ಸಾರ್, ಒಂದು ನಿಮಿಷ. ವಾನ್ ಐಕ್‌ನ ಅರ್ನಾಲ್ಫಿನಿ ಗಂಡ ಹೆಂಡತಿ ಚಿತ್ರ, 1434. ಮಂಚದ ಪಕ್ಕ ನೆಲದ ಮೇಲೆ ಒಂದು ಪುಟ್ಟ ರತ್ನಗಂಬಳಿ ಇದೆ. ಅವರೇನು ದೇವರೋ ರಾಜರೋ? ವ್ಯಾಪಾರಿಗಳು.

ಚೌಕಟ್ಟು
ತಿಮ್ಮ, ಅದಕ್ಕೇ 'ಹೆಚ್ಚಾಗಿ' ಅಂತ ಬರೆದದ್ದು. ಅದೂ ಅಲ್ಲದೆ ಆ ಚಿತ್ರದಲ್ಲಿರುವುದೆಲ್ಲ ಶ್ರೀಮಂತಿಕೆಯ ಪ್ರದರ್ಶನವೇ. ತುಪ್ಪಟದ ನಿಲುವಂಗಿ, ಹಿತ್ತಾಳೆ ದೀಪದ ಗೊಂಚಲು, ಕಿಟಕಿ ಹತ್ತಿರ ಕಿತ್ತಳೆ ಹಣ್ಣು. ಆ ಕಾಲದಲ್ಲಿ ಅವರಿದ್ದ ಬ್ರೂಜ್ ಊರಿಗೆ ಕಿತ್ತಳೆ ಬರಬೇಕೆಂದರೆ ದಕ್ಷಿಣದಿಂದ ಹಡಗಲ್ಲೇ ಬರಬೇಕು. ಮಂಚದ ಪಕ್ಕ ಬೂಟು ಹಾಕಿ ಯಾರೂ ಓಡಾಡುವುದಿಲ್ಲ. ಮುಂದೆ ಮರದ ಪಾದರಕ್ಷೆ ಬಿಚ್ಚಿಟ್ಟಿರುವುದನ್ನೂ ನೋಡಿ.

ತರಲೆ ತಿಮ್ಮ
ಸರಿ ಬಿಡಿ, ಅರ್ಧ ಒಪ್ಪಿದೆ.

ಲೆಕ್ಕದ ಮೇಷ್ಟ್ರು
ಎಲ್ಲರೂ ಚಿತ್ರವನ್ನು ಫೋಟೋ ಥರ ಓದುತ್ತಿದ್ದೀರಿ. ಡಚ್ ಚಿತ್ರಗಳ ದೊಡ್ಡ ಬಲೆಯೇ ಅದು. ಕಪ್ಪು ಬಿಳಿ ಚೌಕದ ಅಮೃತಶಿಲೆ ನೆಲ ನೋಡಿದ್ದೀರಲ್ಲ, ವರ್ಮೀರ್ ಮತ್ತು ಪೀಟರ್ ಡಿ ಹೋಕ್ ಬರೆಯುವಂಥದ್ದು? ವಿಲ್ಲೆಮೈನ್ ಫಾಕ್ ಅನ್ನುವ ಡಚ್ ಇತಿಹಾಸಕಾರ್ತಿ ಆ ಕಾಲದ ಮನೆ ಸಾಮಾನಿನ ಪಟ್ಟಿ, ಮನೆ ಕಟ್ಟಿದ ದಾಖಲೆ ಎಲ್ಲ ಕೆದಕಿ ನೋಡಿದರು. ಅಂಥ ನೆಲ ಸಾಮಾನ್ಯ ಮನೆಯಲ್ಲಿ ಇರಲೇ ಇಲ್ಲ ಅನ್ನುವಷ್ಟು ಅಪರೂಪ. ಶ್ರೀಮಂತರ ಮನೆಯಲ್ಲೂ ನಡುಮನೆ ಹಾದಿಯಲ್ಲಿ ಇದ್ದರೆ ಇತ್ತು, ಕೋಣೆಗೆ ಮರದ ಹಲಗೆ. ಹಿತ್ತಾಳೆ ದೀಪದ ಗೊಂಚಲೂ ಹಾಗೇ. ಚಿತ್ರಕಾರರಿಗೆ ಆ ಚೌಕಗಳು ಬೇಕಾಗಿದ್ದು ಆಳ ತೋರಿಸಲು. ನೆಲವನ್ನೇ ಕಟ್ಟಿ ಬರೆದವರು ರತ್ನಗಂಬಳಿಯನ್ನು ಬಿಟ್ಟಾರೆಯೇ? ಸ್ಟುಡಿಯೋದಲ್ಲಿ ಒಂದು ಇಟ್ಟುಕೊಂಡು ಎಲ್ಲ ಚಿತ್ರಕ್ಕೂ ಅದನ್ನೇ ಹಾಸಿರುತ್ತಾರೆ.

ಡೆಲ್ಫ್ಟ್ ಸೈಕಲ್ಲು
ಮೇಷ್ಟ್ರೇ, ನೆಲದ ವಿಷಯ ಒಪ್ಪುತ್ತೇನೆ. ಆದರೆ ಅದನ್ನೇ ಹಿಡಿದು ರತ್ನಗಂಬಳಿಯನ್ನೂ ಸುಳ್ಳು ಅಂದರೆ ಹೇಗೆ? ಅಮೃತಶಿಲೆ ನೆಲ ಊಹಿಸಿ ಬರೆಯಬಹುದು, ಗೆರೆ ಎಳೆದರೆ ಆಯಿತು. ರತ್ನಗಂಬಳಿಯ ಅಂಚು, ಹೂವಿನ ಜೋಡಣೆ, ಬಣ್ಣದ ಲೆಕ್ಕ ಊಹೆಯಿಂದ ಬರುವುದಿಲ್ಲ. ನಿಜವಾದದ್ದು ಎದುರಿಗೆ ಇರಲೇಬೇಕು. ಸ್ಟುಡಿಯೋದ್ದೋ, ಮನೆಯದ್ದೋ, ಎರವಲು ತಂದದ್ದೋ, ಅದು ಬೇರೆ ಮಾತು. ಇನ್ನು ರೆಂಬ್ರಾಂಟ್‌ನ 1662ರ ಚಿತ್ರ ನಿಜವಾದ ಸಂಘದವರು ದುಡ್ಡು ಕೊಟ್ಟು ಬರೆಸಿದ್ದು. ಬಟ್ಟೆಯ ಗುಣಮಟ್ಟ ನೋಡುವುದೇ ಅವರ ಕೆಲಸ. ಅವರ ಟೇಬಲ್ ಮೇಲೆ ಒಳ್ಳೆ ರತ್ನಗಂಬಳಿ ಇರುವುದರಲ್ಲಿ ಆಶ್ಚರ್ಯ ಏನಿದೆ?

ಲೆಕ್ಕದ ಮೇಷ್ಟ್ರು
ಇತ್ತು ಅನ್ನುವುದು ಬೇರೆ, ಮನೆ ಮನೆಯಲ್ಲೂ ಇತ್ತು ಅನ್ನುವುದು ಬೇರೆ. ನನ್ನ ತಕರಾರು ಎರಡನೆಯದ್ದಕ್ಕೆ. ವರ್ಮೀರ್ 1675ರ ಡಿಸೆಂಬರಿನಲ್ಲಿ ಸತ್ತಾಗ ಹನ್ನೊಂದು ಮಕ್ಕಳು, ಮೈ ತುಂಬಾ ಸಾಲ. ಬೇಕರಿಯವನಿಗೇ 600 ಗಿಲ್ಡರ್‌ಗೂ ಹೆಚ್ಚು ಬಾಕಿ, ಅದಕ್ಕೆ ಹೆಂಡತಿ ಎರಡು ಚಿತ್ರ ಕೊಟ್ಟಳು. ಚಿತ್ರದಲ್ಲಿ ಕಾಣುವ ಮನೆಯೇ ಅವನ ಬದುಕು ಅಂದುಕೊಳ್ಳಬೇಡಿ ಅಂತ ಅಷ್ಟೇ.

ಬಣ್ಣದ ಡಬ್ಬಿ
ನಾನು ಎಣ್ಣೆಬಣ್ಣದಲ್ಲಿ ಕೆಲಸ ಮಾಡುವವಳು. ಒಂದು ಮಾತು ಸೇರಿಸುತ್ತೇನೆ. ದುಡ್ಡು, ದೊಡ್ಡಸ್ತಿಕೆ ಎಲ್ಲ ಸರಿ. ಆದರೆ ರತ್ನಗಂಬಳಿ ಟೇಬಲ್ ಮೇಲೆ ಬಂದರೆ ಚಿತ್ರ ಬರೆಯುವವರಿಗೆ ಹಬ್ಬ. ನೆಲದ ಮೇಲಿದ್ದರೆ ಅದು ಚಪ್ಪಟೆ. ಟೇಬಲ್ ಅಂಚಿನಿಂದ ಇಳಿಬಿಟ್ಟರೆ ಮಡಿಕೆ ಬೀಳುತ್ತದೆ, ಅರ್ಧ ಬೆಳಕು ಅರ್ಧ ನೆರಳು, ಡಿಸೈನು ಮುರಿದು ಬಾಗುತ್ತದೆ. ಅದನ್ನು ಸರಿಯಾಗಿ ಬರೆದವನಿಗೆ ಕೈ ಪಳಗಿದೆ ಅಂತಲೇ ಅರ್ಥ.

ಡ್ರೆಸ್ಡನ್‌ನಲ್ಲಿರುವ ವರ್ಮೀರ್ ನೋಡಿ, ತೆರೆದ ಕಿಟಕಿ ಹತ್ತಿರ ಹುಡುಗಿ ಪತ್ರ ಓದುವ ಚಿತ್ರ. ಮುಂದೆ ಟೇಬಲ್ ಮೇಲೆ ಕೆಂಪು ರತ್ನಗಂಬಳಿ, ಅದನ್ನು ಯಾರೋ ಎಳೆದು ಗುಡ್ಡೆ ಹಾಕಿದ ಹಾಗೆ ಮುದುಡಿದೆ. ಅದರ ಮೇಲೆ ಚೀನಾದ ನೀಲಿ-ಬಿಳಿ ಪಿಂಗಾಣಿ ಬಟ್ಟಲು ಓರೆಯಾಗಿ ಕೂತಿದೆ, ಹಣ್ಣು ಹೊರಗೆ ಉರುಳಿದೆ. ಒಂದು ಪೀಚ್ ಹಣ್ಣನ್ನು ಸೀಳಿ ಬೀಜ ಕಾಣುವ ಹಾಗೆ ಇಟ್ಟಿದ್ದಾನೆ. ಈಗ ರತ್ನಗಂಬಳಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ (ಕಾವಲುಗಾರ ಬೈಯುವ ತನಕ). ಎಳೆ ಎಳೆಯಾಗಿ ಏನೂ ಬರೆದಿಲ್ಲ. ಬೆಳಕು ಬಿದ್ದ ಕಡೆ ದಪ್ಪ ಬಣ್ಣದ ಚುಕ್ಕೆ ಚುಕ್ಕೆ. ಹಿಂದಕ್ಕೆ ಸರಿದರೆ ಆ ಚುಕ್ಕೆಗಳೇ ಉಣ್ಣೆಯ ಗಂಟುಗಳಾಗಿ ಕಾಣುತ್ತವೆ. ನೇಕಾರ ಗಂಟು ಕಟ್ಟಿದ, ಇವನು ಚುಕ್ಕೆ ಇಟ್ಟ.

ಇನ್ನೊಂದು. ಆ ಮುದುಡಿದ ರತ್ನಗಂಬಳಿ ನಮಗೂ ಹುಡುಗಿಗೂ ನಡುವೆ ಅಡ್ಡ ಗೋಡೆ ಥರ ನಿಂತಿದೆ. ನಾವು ಅವಳ ಹತ್ತಿರ ಹೋಗುವ ಹಾಗಿಲ್ಲ.

ಮಲ್ಲಿಗೆ ಮೊಗ್ಗು
ಡಬ್ಬಿ ಅಕ್ಕಾ, ಅದೇ ಚಿತ್ರದಲ್ಲಲ್ವಾ ಹಿಂದಿನ ಗೋಡೆಯಿಂದ ಪ್ರೇಮದೇವತೆ ಕ್ಯುಪಿಡ್ ಹೊರಗೆ ಬಂದದ್ದು?

ಬಣ್ಣದ ಡಬ್ಬಿ
ಹೌದಮ್ಮಾ, ಅದೇ. ಗೋಡೆಯೊಳಗೆ ಕ್ಯುಪಿಡ್ ಇದ್ದಾನೆ ಅಂತ 1979ರ ಎಕ್ಸ್‌ರೇಯಲ್ಲೇ ಗೊತ್ತಿತ್ತು. ವರ್ಮೀರನೇ ಮನಸ್ಸು ಬದಲಿಸಿ ಮುಚ್ಚಿದ ಅಂತ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಪರೀಕ್ಷೆ ಮಾಡಿದಾಗ ಮುಚ್ಚಿದ ಬಣ್ಣ ಅವನು ಸತ್ತ ಮೇಲಿನದ್ದು ಅಂತ ತಿಳಿಯಿತು. ಸೂಕ್ಷ್ಮದರ್ಶಕ ಇಟ್ಟುಕೊಂಡು ಸಣ್ಣ ಚಾಕುವಿನಲ್ಲಿ ಕೆರೆದು ತೆಗೆದರು. 2021ರಲ್ಲಿ ಪೂರ್ತಿ ಕ್ಯುಪಿಡ್ ಜೊತೆ ಮತ್ತೆ ತೋರಿಸಿದರು.

ಮಲ್ಲಿಗೆ ಮೊಗ್ಗು
ನನಗೆ ಬರೀ ಗೋಡೆಯೇ ಚೆನ್ನಾಗಿತ್ತು. ಈಗ ಪ್ರೇಮಪತ್ರ ಅಂತ ಬೋರ್ಡು ಹಾಕಿದ ಹಾಗಿದೆ.

ಲೆಕ್ಕದ ಮೇಷ್ಟ್ರು
ನಿಮಗೆ ಚೆನ್ನಾಗಿತ್ತು ಅಂತ ಬೇರೆಯವನು ಬಳಿದ ಬಣ್ಣ ಉಳಿಸಿಕೊಳ್ಳಲಾಗುತ್ತಾ? ವರ್ಮೀರ್ ಬರೆದದ್ದು ಕ್ಯುಪಿಡ್ ಇದ್ದ ಚಿತ್ರ.

ಮಲ್ಲಿಗೆ ಮೊಗ್ಗು
ಮೇಷ್ಟ್ರೇ, ಇಷ್ಟವಾಯಿತು ಅಂದೆ, ಕೇಸು ಹಾಕಿಲ್ಲ.

ಉಣ್ಣೆ ಉಂಡೆ
ರತ್ನಗಂಬಳಿಗೆ ವಾಪಸ್ ಬರೋಣ. ಇದರಲ್ಲಿ ಒಂದು ತಮಾಷೆ ಇದೆ. ಹಳೇ ಟರ್ಕಿ ರತ್ನಗಂಬಳಿಗಳನ್ನು ಇವತ್ತಿಗೂ ಯುರೋಪಿನ ಚಿತ್ರಕಾರರ ಹೆಸರಿನಲ್ಲೇ ಕರೆಯುತ್ತಾರೆ. ಹೋಲ್ಬೈನ್ ರತ್ನಗಂಬಳಿ, ಲೊಟ್ಟೊ ರತ್ನಗಂಬಳಿ, ಮೆಮ್ಲಿಂಗ್, ಬೆಲ್ಲಿನಿ, ಕ್ರಿವೆಲ್ಲಿ. ನೇಯ್ದ ಟರ್ಕಿಯ ಅನಟೋಲಿಯಾದ ಹೆಂಗಸರ ಹೆಸರು ಎಲ್ಲೂ ಇಲ್ಲ, ಚಿತ್ರ ಬರೆದ ಗಂಡಸರ ಹೆಸರು ಅಂಟಿಕೊಂಡಿದೆ.

ಯಾಕೆಂದರೆ ರತ್ನಗಂಬಳಿಯ ಮೇಲೆ ತಾರೀಖು ಇರುವುದಿಲ್ಲ, ಚಿತ್ರದ ಕಾಲ ಗೊತ್ತಿರುತ್ತದೆ. 1516ರ ಚಿತ್ರದಲ್ಲಿ ಒಂದು ಡಿಸೈನು ಕಂಡರೆ ಆ ಡಿಸೈನು 1516ಕ್ಕಿಂತ ಮೊದಲೇ ಇತ್ತು ಅಂತ ಗಟ್ಟಿಯಾಯಿತಲ್ಲ. 19ನೇ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸರು ಹೀಗೇ ಚಿತ್ರ ನೋಡಿ ನೋಡಿ ರತ್ನಗಂಬಳಿಗಳಿಗೆ ವಯಸ್ಸು ಕಟ್ಟಿದ್ದು. 1516 ಸುಮ್ನೆ ಹೇಳಿದ್ದಲ್ಲ. ಕೆಂಪು ಮೈ ಮೇಲೆ ಹಳದಿ ಬಳ್ಳಿಯ 'ಲೊಟ್ಟೊ' ಡಿಸೈನು ಆ ವರ್ಷ ಸೆಬಾಸ್ಟಿಯಾನೊ ದೆಲ್ ಪಿಯೊಂಬೊ ಬರೆದ ಕಾರ್ಡಿನಲ್ ಒಬ್ಬರ ಚಿತ್ರದಲ್ಲೇ ಬರುತ್ತದೆ. ಲೊರೆಂಜೊ ಲೊಟ್ಟೊ ವೆನಿಸ್ಸಿನ ಚರ್ಚಿಗೆ ತನ್ನ ಚಿತ್ರ ಬರೆದದ್ದು 1542ರಲ್ಲಿ. ಹೆಸರು ಮಾತ್ರ ಲೊಟ್ಟೊನದ್ದು!

ಚಿತ್ರದಲ್ಲಲ್ಲ, ನಿಜವಾದದ್ದನ್ನೇ ನೋಡಬೇಕೆಂದರೆ ರೊಮೇನಿಯಾದ ಬ್ರಶೋವ್ ಊರಿನ ಕಪ್ಪು ಚರ್ಚಿಗೆ ಹೋಗಿ. ಟರ್ಕಿ ಜೊತೆ ವ್ಯಾಪಾರ ಮಾಡುತ್ತಿದ್ದ ಊರು. ಅಲ್ಲಿನ ಪ್ರಾಟೆಸ್ಟೆಂಟರು ಚರ್ಚಿಗೆ ರತ್ನಗಂಬಳಿ ಕಾಣಿಕೆ ಕೊಡುತ್ತಿದ್ದರು. ಈಗಲೂ ಗೋಡೆಗೆ, ಬೆಂಚಿಗೆ ನೇತುಹಾಕಿದ್ದಾರೆ. ಕೆಲವು ನಮಾಜಿಗೆ ಹಾಸುವ ಡಿಸೈನಿನವು. ಚರ್ಚಿನೊಳಗೆ ಅದನ್ನು ನೋಡಿ ಯಾರಿಗೂ ಏನೂ ಅನಿಸಲಿಲ್ಲ ನೋಡಿ.

ಕಾವೇರಿ ತೀರ
ಬೆಲೆಯ ಮಾತು ಬಂದಿದ್ದಕ್ಕೆ: ಇಂಗ್ಲೆಂಡಿನ ಕಾರ್ಡಿನಲ್ ವುಲ್ಸಿ 1520ರಲ್ಲಿ ವೆನಿಸ್ ರಾಯಭಾರಿಗಳ ಮೂಲಕ 60 ರತ್ನಗಂಬಳಿ ತರಿಸಿಕೊಂಡ. ವೆನಿಸ್‌ನವರಿಗೆ ವೈನ್ ವ್ಯಾಪಾರದಲ್ಲಿ ಅವನಿಂದ ಒಂದು ಕೆಲಸ ಆಗಬೇಕಿತ್ತು. ಲಂಚ ಅಂತ ಹೇಳುವುದಿಲ್ಲ, ನೀವೇ ಅರ್ಥ ಮಾಡಿಕೊಳ್ಳಿ.

ಸುಮ್ನೆ ಬಂದೆ
ಟೇಬಲ್ ಕೆಳಗಿನ ವ್ಯವಹಾರ ಕೂಡ ರತ್ನಗಂಬಳಿದೇ ಅನ್ನಿ

ತಿಂಡಿಪೋತ
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಟರ್ಕಿ, ಪರ್ಷಿಯಾ ಆಯಿತು. ನಮ್ಮ ಕಡೆಯಿಂದ ಹೋದದ್ದು ಯಾವುದೂ ಇಲ್ವಾ?

ಉಣ್ಣೆ ಉಂಡೆ
ಇದೆ. 17ನೇ ಶತಮಾನದಲ್ಲಿ ಡಚ್ ಚಿತ್ರಗಳಲ್ಲಿ ಒಂದು ಬಗೆ ಜಾಸ್ತಿಯಾಗುತ್ತದೆ. ಕೆಂಪು ಮೈ, ದೊಡ್ಡ ದೊಡ್ಡ ತಾವರೆಯಂಥ ಹೂವು, ಕತ್ತಿಯ ಹಾಗೆ ಬಾಗಿದ ಎಲೆ. ಇದು ಪರ್ಷಿಯಾದ್ದೋ ಇಂಡಿಯಾದ್ದೋ ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. 'ಇಂಡೋ-ಪರ್ಷಿಯನ್' ಅಂತ ಎರಡೂ ದೋಣಿಗೆ ಕಾಲಿಟ್ಟು ಬಿಟ್ಟಿದ್ದಾರೆ. ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾದದ್ದು 1602ರಲ್ಲಿ, ಹಾಗಾಗಿ ಇಲ್ಲಿಂದ ಹೋಗಲು ದಾರಿಯಂತೂ ಇತ್ತು.

ಅನುಮಾನವೇ ಇಲ್ಲದ್ದು ಬೇಕೆಂದರೆ ಲಂಡನ್ನಿಗೆ ಹೋಗಿ. ಗರ್ಡ್ಲರ್ಸ್ ಅನ್ನುವ ಸೊಂಟಪಟ್ಟಿ ಮಾಡುವವರ ಸಂಘದ ಹತ್ತಿರ ಒಂದಿದೆ. ರಾಬರ್ಟ್ ಬೆಲ್ ಅನ್ನುವವನು ಲಾಹೋರಿನಲ್ಲಿ ಹೇಳಿ ನೇಯಿಸಿದ್ದು, 1634ರಲ್ಲಿ ಸಂಘಕ್ಕೆ ಸಿಕ್ಕಿತು. ಇನ್ನೊಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ವಿಲಿಯಂ ಫ್ರೆಮ್ಲಿನ್ ಅನ್ನುವ ಇಂಗ್ಲಿಷ್ ಕಂಪನಿಯವನು 1640ರ ಹೊತ್ತಿಗೆ ಮಾಡಿಸಿದ್ದು. ಹುಲಿ, ಜಿಂಕೆ, ಬೇಟೆ ಎಲ್ಲ ಇದೆ, ನಡುನಡುವೆ ಅವನ ಮನೆತನದ ಲಾಂಛನ! ಲಾಹೋರಿನ ನೇಕಾರರು ಅದನ್ನು ನೋಡಿ ಏನಂದುಕೊಂಡರೋ.

ಗುಮ್ಮಟ ನಗರಿ
ನಮ್ಮ ಕಡೆ ಅಂದ ಮೇಲೆ ನಾ ಸುಮ್ಮನಿರಲಿಕ್ಕೆ ಆಗೂದಿಲ್ಲರಿ. ವಿಜಯಪುರದವ ನಾನು. ಡಚ್ ಚಿತ್ರಕಾರನೇ ನಮ್ಮೂರಿಗೆ ಬಂದಿದ್ದ, ಗೊತ್ತೇನು?

ಹೆಸರು ಕಾರ್ನೆಲಿಸ್ ಕ್ಲಾಸ್ ಹೇಡಾ, ಊರು ಹಾರ್ಲೆಮ್. ಮೊದಲು ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್‌ನ ಆಸ್ಥಾನದಲ್ಲಿದ್ದ. ಅಲ್ಲಿಂದ ಪರ್ಷಿಯಾಕ್ಕೆ ಅಂತ ಹೊರಟು, ಪೋರ್ಚುಗೀಸರ ಕೈಗೆ ಸಿಕ್ಕಿ, ಗೋವಾ ಮುಟ್ಟಿ, 1610ರ ಹೊತ್ತಿಗೆ ಬಿಜಾಪುರಕ್ಕೆ ಬಂದ. ಆಗ ಇದ್ದವನು ಎರಡನೇ ಇಬ್ರಾಹಿಂ ಆದಿಲ್‌ಶಾಹ. ಸಂಗೀತದ ಹುಚ್ಚಿನ ದೊರೆ, ಸರಸ್ವತಿಯ ಭಕ್ತ, ನವರಸಪುರ ಅಂತ ಊರೇ ಕಟ್ಟಿಸಿದವನು. ಅವನಿಗೆ ಈ ಹೇಡಾ ಹಿಡಿಸಿದ. ಊರಿಗೆ ವಾಪಸ್ ಹೋಗಲೇ ಇಲ್ಲ, 1622ರ ಸುಮಾರಿಗೆ ಇಲ್ಲೇ ತೀರಿಕೊಂಡ. ಇಲ್ಲಿದ್ದುಕೊಂಡೇ ಡಚ್ ಕಂಪನಿಯವರಿಗೆ ಕಾಗದ ಬರೆಯುತ್ತಿದ್ದ, ದರಬಾರಿನ ಸುದ್ದಿ ಮುಟ್ಟಿಸುತ್ತಿದ್ದ.

ಹಾರ್ಲೆಮ್‌ನಲ್ಲೇ ವಿಲೆಮ್ ಕ್ಲಾಸ್ ಹೇಡಾ ಅಂತ ಇನ್ನೊಬ್ಬನಿದ್ದ. ಅರ್ಧ ತಿಂದ ಪೈ, ಸುಲಿದ ನಿಂಬೆಹಣ್ಣು, ಉರುಳಿದ ಬೆಳ್ಳಿ ಲೋಟ ಬರೆಯುವುದರಲ್ಲಿ ಎತ್ತಿದ ಕೈ. ಇಬ್ಬರೂ ಒಂದೇ ಮನೆತನದವರು ಅಂತ ಹೇಳುತ್ತಾರೆ.

ಲೆಕ್ಕದ ಮೇಷ್ಟ್ರು
ಭಲೇ, ಇದು ಗೊತ್ತಿರಲಿಲ್ಲ. ಬಿಜಾಪುರದಲ್ಲಿ ಬರೆದ ಚಿತ್ರ ಯಾವುದಾದರೂ ಉಳಿದಿದೆಯೇ?

ಗುಮ್ಮಟ ನಗರಿ
ಇದೇ ಅವನು ಬರೆದದ್ದು ಅಂತ ಕೈ ತೋರಿಸುವಂಥದ್ದು ಒಂದೂ ಇಲ್ಲರಿ. ಅಸರ್ ಮಹಲಿನ ಗೋಡೆಚಿತ್ರ, ಕುಮಟಗಿಯ ನೀರಿನ ಮಹಲಿನ ಗೋಡೆಚಿತ್ರಗಳಲ್ಲಿ ಯುರೋಪಿನ ಗಾಳಿ ಬೀಸಿದ್ದಂತೂ ಕಾಣುತ್ತದೆ. ಹಾಗಂತ ಎಲ್ಲವನ್ನೂ ಹೇಡಾನ ಲೆಕ್ಕಕ್ಕೆ ಬರೆದರೆ ಆಗೂದಿಲ್ಲ. ಅಸರ್ ಮಹಲ್ ಕಟ್ಟಿದ್ದೇ ಅವನು ಸತ್ತ ಮೇಲೆ. ಕುಮಟಗಿದಂತೂ ಈಗ ಅರ್ಧಕ್ಕರ್ಧ ಅಳಿಸಿದೆ, ಮೇಲೆ ಹುಡುಗರು ಹೆಸರು ಕೆತ್ತಿದ್ದಾರೆ. ನೋಡಿದರೆ ಹೊಟ್ಟೆ ಉರೀತದ.

ರತ್ನಗಂಬಳಿ ಪ್ರಶ್ನೆಗೆ ಉತ್ತರ: ಅಸರ್ ಮಹಲಿನಲ್ಲಿದ್ದ ಹಳೇ ರತ್ನಗಂಬಳಿಗಳು ಈಗ ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿವೆ. ಬಂದವರೆಲ್ಲ ಗುಮ್ಮಟ ಹತ್ತಿ ಕೂಗಿ ಹೋಗುತ್ತಾರೆ. ಆ ಮ್ಯೂಸಿಯಂಗೆ ಕಾಲಿಡುವವರು ಕಡಿಮೆ.

ತರಲೆ ತಿಮ್ಮ
ಕೂಗಿದವರಲ್ಲಿ ನಾನೂ ಒಬ್ಬ. ಮ್ಯೂಸಿಯಂ ಬಾಗಿಲಲ್ಲಿ ನೆರಳಿತ್ತು, ಅಲ್ಲಿ ಕೂತು ಕಬ್ಬಿನ ಹಾಲು ಕುಡಿದೆ.

ಧಾರವಾಡ ಪೇಡೆ
ನಮ್ಮ ನವಲಗುಂದದ ಜಮಖಾನೆಯನ್ನು ಎಲ್ಲರೂ ಮರೆತಿರಲ್ಲ! ಅದಕ್ಕೂ ಜಿಐ ಟ್ಯಾಗ್ ಇದೆ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದ ನೇಕಾರರು ಶುರು ಮಾಡಿದ್ದು ಅಂತ ಅಲ್ಲಿನವರು ಹೇಳುತ್ತಾರೆ.

ಉಣ್ಣೆ ಉಂಡೆ
ಮರೆತಿಲ್ಲ ಮಾರಾಯ್ರೇ, ಅದರ ದಾರಿಯೇ ಬೇರೆ. ಟರ್ಕಿಯದ್ದರಲ್ಲಿ ಹಾಸಿನ ನೂಲಿಗೆ ಉಣ್ಣೆಯ ಗಂಟು ಕಟ್ಟಿ ಕತ್ತರಿಸುತ್ತಾರೆ, ಅದಕ್ಕೇ ಮೇಲೆ ಮೆತ್ತಗೆ ರೋಮದ ಹಾಗೆ ನಿಲ್ಲುತ್ತದೆ. ನವಲಗುಂದದ್ದು ಹತ್ತಿ ನೂಲು, ಗಂಟಿಲ್ಲ, ಚಪ್ಪಟೆ ನೇಯ್ಗೆ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರೇ ನೇಯುವುದು. ನವಿಲು, ಪಗಡೆ ಹಾಸಿನ ಡಿಸೈನು ಬಲು ಚೆಂದ. ಆದರೆ ವರ್ಮೀರ್ ಟೇಬಲ್ ಮೇಲೆ ಅದು ಇರಲಿಲ್ಲ.

ಧಾರವಾಡ ಪೇಡೆ
ಇದ್ದಿದ್ದರೆ ಅವನ ಚಿತ್ರ ಇನ್ನೂ ಚೆನ್ನಾಗಿರುತ್ತಿತ್ತು 😌

ಚೌಕಟ್ಟು
ಹಡಗು ಪಶ್ಚಿಮಕ್ಕೆ ಮಾತ್ರ ಹೋಗಲಿಲ್ಲ ಅಂತ ನೆನಪಿಸುತ್ತೇನೆ. ಜಪಾನಿನ ಕ್ಯೋಟೋದಲ್ಲಿ ಗಿಯೋನ್ ಹಬ್ಬಕ್ಕೆ ತೇರು ಎಳೆಯುತ್ತಾರೆ. ಆ ತೇರುಗಳ ಮೈಗೆ ಸುತ್ತುವ ಹಳೇ ರತ್ನಗಂಬಳಿಗಳಲ್ಲಿ ಕೆಲವು ದಖ್ಖನ್‌ದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅದೇ ಹಬ್ಬದ ಇನ್ನು ಕೆಲವು ತೇರಿಗೆ 16ನೇ ಶತಮಾನದ ಬೆಲ್ಜಿಯಂ ಕಡೆಯ ಚಿತ್ರಪಟ, ಅಂದರೆ ಗೋಡೆಗೆ ತೂಗುಹಾಕುವ ಟ್ಯಾಪೆಸ್ಟ್ರಿ. ಅದರಲ್ಲಿ ಟ್ರಾಯ್ ಯುದ್ಧದ ಕಥೆ! ಗ್ರೀಕರ ಕಥೆ, ಫ್ಲಾಂಡರ್ಸ್ ನೇಕಾರರ ಕೈ, ಜಪಾನಿನ ತೇರು. ಚಿತ್ರಪಟದ್ದೂ ಒಂದು ಥ್ರೆಡ್ ಆಗಬೇಕು, ಆ ಕಾಲದಲ್ಲಿ ರಾಜರು ವರ್ಣಚಿತ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಸುರಿದದ್ದು ಅದಕ್ಕೆ.

ಮಲ್ಲಿಗೆ ಮೊಗ್ಗು
ರೆಂಬ್ರಾಂಟ್ ನಮ್ಮ ಮೊಘಲ್ ಚಿತ್ರ ನೋಡಿ ನಕಲು ಮಾಡಿದ್ದು ಯಾರೂ ಹೇಳಲಿಲ್ಲ! ಷಹಜಹಾನ್ ಎಲ್ಲ ಬರೆದಿದ್ದಾನೆ, ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಉಳಿದಿವೆ. ಅದಕ್ಕೆ ಬಳಸಿದ ಕಾಗದ ಕೂಡ ಏಷ್ಯಾದಿಂದ ಬಂದದ್ದು.

ಬಣ್ಣದ ಡಬ್ಬಿ
ನಕಲು ಅನ್ನಬೇಡಮ್ಮಾ. ಮೊಘಲ್ ಚಿತ್ರಕಾರ ಒಂದೇ ಸಮನೆ ಗೆರೆ ಎಳೆದಿದ್ದನ್ನು ಇವನು ದಪ್ಪ ತೆಳು ಮಾಡಿ, ಕಾಲಡಿ ನೆರಳು ಹಾಕಿ, ಮನುಷ್ಯರನ್ನು ನೆಲಕ್ಕೆ ಇಳಿಸಿದ್ದಾನೆ. ಎದುರಿಗಿಟ್ಟುಕೊಂಡು ಕಲಿತದ್ದು ಅದು.

ಡೆಲ್ಫ್ಟ್ ಸೈಕಲ್ಲು
ಟೇಬಲ್ ಮೇಲಿನ ರತ್ನಗಂಬಳಿ ಇರುವ ಇನ್ನೊಂದು ವರ್ಮೀರ್ 'ಸಂಗೀತ ಗೋಷ್ಠಿ'. ಎಡಗಡೆ ಮುಂದೆ ಕತ್ತಲಲ್ಲಿ ಇದೆ. ಆದರೆ ನೋಡಲು ಎಲ್ಲೂ ಹೋಗುವ ಹಾಗಿಲ್ಲ, 1990ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಗಾರ್ಡ್‌ನರ್ ಮ್ಯೂಸಿಯಂನಿಂದ ಕದ್ದುಬಿಟ್ಟರು. ಪೊಲೀಸ್ ವೇಷದಲ್ಲಿ ಇಬ್ಬರು ಬಂದು ಒಟ್ಟು 13 ಕೃತಿ ಹೊತ್ತೊಯ್ದರು. ಇವತ್ತಿಗೂ ಪತ್ತೆಯಿಲ್ಲ. ಒಂದು ಕೋಟಿ ಡಾಲರ್ ಬಹುಮಾನ ಇದೆ.

ತರಲೆ ತಿಮ್ಮ
ಒಂದು ಕೋಟಿ ಡಾಲರಾ?! ಬೇರೆ ಥ್ರೆಡ್ ತೆರೆಯಿರಿ, ನಾನು ಈಗಲೇ ಹುಡುಕಲು ಶುರು ಮಾಡುತ್ತೇನೆ.

ಲೆಕ್ಕದ ಮೇಷ್ಟ್ರು
ತೆರೆದಿದ್ದೇನೆ. ನನ್ನ ಮೊದಲ ಪ್ರಶ್ನೆ ಅಲ್ಲೇ ಹಾಕಿದ್ದೇನೆ: ರೆಂಬ್ರಾಂಟ್ ಮತ್ತು ವರ್ಮೀರ್ ಕದ್ದವರು ಮೇಲಿನ ಮಹಡಿಯ ಟಿಷಿಯನ್ ಚಿತ್ರ ಯಾಕೆ ಬಿಟ್ಟು ಹೋದರು? ಬನ್ನಿ.